ಚಲನ್ ಅಂದ್ರೆ ಕರೆಂಟ್ ಬಿಲ್ಲಲ್ಲ

ಆಷಾಢ ಬಂದರೆ ಸೀರೆ ಅಂಗಡಿಯವರು ರಿಯಾಯಿತಿ ಕೊಡ್ತಾರೆ, ದೀಪಾವಳಿ ಬಂದರೆ ಟಿವಿ ಅಂಗಡಿಯವರು ಕೊಡ್ತಾರೆ. ನಮ್ಮ ರಾಜ್ಯದಲ್ಲಿ ಅಪರಾಧಕ್ಕೂ ರಿಯಾಯಿತಿ ಸಿಗುತ್ತದೆ. 2023ರ ಫೆಬ್ರವರಿಯಲ್ಲಿ, ಬಾಕಿ ಇರುವ ಟ್ರಾಫಿಕ್ ದಂಡ ಕಟ್ಟಿದರೆ ಅರ್ಧ ಮಾಫಿ ಅಂತ ಸರ್ಕಾರ ಪ್ರಕಟಿಸಿತು. ಜನ ಮುಗಿಬಿದ್ದರು. ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಹೆಚ್ಚು ಹಣ ಖಜಾನೆಗೆ ಬಂತು. ರುಚಿ ಹತ್ತಿತು ಅಂತ ಕಾಣುತ್ತೆ, 2025ರ ಆಗಸ್ಟ್‌ನಲ್ಲಿ ಮತ್ತೆ ಅದೇ ಐವತ್ತು ಪರ್ಸೆಂಟ್. ಇಂದು ಇಷ್ಟು ಕೋಟಿ, ನಿನ್ನೆ ಅಷ್ಟು ಕೋಟಿ ಅಂತ ಸುದ್ದಿ ಬಂದವು. ಕಟ್ಟಿದವರಲ್ಲಿ ಎಷ್ಟು ಜನ ನಿಜವಾಗಿ ತಪ್ಪು ಮಾಡಿದ್ದರು, ಅದನ್ನು ಯಾರು ತೀರ್ಮಾನ ಮಾಡಿದರು ಎಂಬ ಪ್ರಶ್ನೆ ಮಾತ್ರ ಆ ಸದ್ದಿನಲ್ಲಿ ಕೇಳಿಸಲಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ಕ್ಯಾಮೆರಾ ವಿರೋಧಿ ಅಲ್ಲ. ಕೋಡ್ ಬರೆದು ಅನ್ನ ತಿನ್ನೋನು ನಾನು, ಯಂತ್ರದ ಮೇಲೆ ನನಗೆ ಹಗೆ ಇಲ್ಲ. 2022ರಲ್ಲಿ ಈ ದೇಶದ ರಸ್ತೆಗಳ ಮೇಲೆ ಸತ್ತವರು 1,68,491 ಜನ. ಅದರಲ್ಲಿ ಶೇ 71ರಷ್ಟು ಸಾವಿಗೆ ಅತಿವೇಗ ಕಾರಣ ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ನಾನು ಮಂಡ್ಯ ಕಡೆಯವನು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾದ ಮೇಲೆ ಆ ರಸ್ತೆ ಎಷ್ಟು ಜನರನ್ನು ತಿಂದಿತು ಅಂತ ನಮ್ಮೂರಿನವರಿಗೆ ವರದಿ ನೋಡಿ ತಿಳಿಯಬೇಕಾಗಿಲ್ಲ, ಆಂಬುಲೆನ್ಸ್ ಸದ್ದು ಸಾಕಿತ್ತು. ಆಮೇಲೆ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟರು, ನೂರು ಕಿಲೋಮೀಟರ್ ಮಿತಿಯನ್ನು ಬಿಗಿ ಮಾಡಿದರು, ಕ್ಯಾಮೆರಾ ಹಾಕಿದರು. ಮುಂದಿನ ವರ್ಷ ಸಾವು ಗಣನೀಯವಾಗಿ ಇಳಿಯಿತು. ಇದನ್ನು ಒಪ್ಪದೆ ಮಾತಾಡೋದು ಆತ್ಮವಂಚನೆ.

ಕ್ಯಾಮೆರಾಕ್ಕೆ ಇನ್ನೊಂದು ದೊಡ್ಡ ಗುಣ ಇದೆ. ಅದಕ್ಕೆ ಎಮ್ಮೆಲ್ಲೆ ಫೋನ್ ಮಾಡೋಕಾಗಲ್ಲ. ಅದು ನಿಮ್ಮ ಜಾತಿ ಕೇಳಲ್ಲ, ಲುಂಗಿ ನೋಡಿ ಏಕವಚನ, ಸೂಟು ನೋಡಿ ಬಹುವಚನ ಅಂತ ಮಾಡಲ್ಲ. ಮರದ ಹಿಂದೆ ನಿಂತು ಹಠಾತ್ತನೆ ಎದುರಿಗೆ ಬಂದು 'ಸೈಡಿಗೆ ಹಾಕು' ಅಂದು, ಐನೂರಕ್ಕೆ ಶುರುವಾಗಿ ಇನ್ನೂರಕ್ಕೆ ಮುಗಿಯುವ ಚೌಕಾಸಿ ಇಲ್ಲ. ಇಷ್ಟೆಲ್ಲ ಒಳ್ಳೆಯದಿರುವ ವಸ್ತುವನ್ನು ನಮ್ಮ ವ್ಯವಸ್ಥೆ ಹೇಗೆ ಬಳಸುತ್ತಿದೆ ಅನ್ನೋದೇ ನನ್ನ ತಕರಾರು.

ಕಾನೂನು ಏನು ಹೇಳುತ್ತೆ ಅಂತ ಮೊದಲು ನೋಡೋಣ. ಮೋಟಾರು ವಾಹನ ಕಾಯ್ದೆಯ 183ನೇ ಕಲಮಿನಲ್ಲಿ ಅತಿವೇಗಕ್ಕೆ ದಂಡ ಇದೆ. ಅದೇ ಕಲಮಿನ ಮೂರನೇ ಉಪಕಲಮು ಸ್ವಾರಸ್ಯವಾಗಿದೆ. 'ಈತ ಜೋರಾಗಿ ಹೋಗ್ತಿದ್ದ ಅಂತ ನನ್ನ ಅಭಿಪ್ರಾಯ' ಅಂತ ಒಬ್ಬನೇ ಸಾಕ್ಷಿ ಹೇಳಿದರೆ ಅಷ್ಟರಿಂದಲೇ ಶಿಕ್ಷೆ ಕೊಡುವ ಹಾಗಿಲ್ಲ, ಆ ಅಭಿಪ್ರಾಯಕ್ಕೆ ಯಾವುದಾದರೂ ಯಂತ್ರದ ಅಳತೆಯ ಆಧಾರ ಇರಬೇಕು. ಅಂದರೆ, ಪೊಲೀಸಪ್ಪನ ಕಣ್ಣಂದಾಜು ನಂಬಿ ಶಿಕ್ಷೆ ಕೊಡಬೇಡಿ, ಅಳತೆ ಕೇಳಿ ಅಂತ ಕಾನೂನು ಬರೆದವರಿಗೇ ಗೊತ್ತಿತ್ತು. ಈಗ ಕಾಲ ತಿರುಗಿದೆ. ಅಂದಾಜು ಹೋಯ್ತು, ಯಂತ್ರ ಬಂತು. ಹಾಗಾದರೆ ಯಂತ್ರದ ಅಳತೆ ಸರಿ ಇದೆ ಅಂತ ಹೇಳೋರು ಯಾರು?

ಅದಕ್ಕೂ ನಿಯಮ ಇದೆ, ಅದೂ ಚೆನ್ನಾಗಿಯೇ ಇದೆ. 2019ರ ತಿದ್ದುಪಡಿಯಲ್ಲಿ ಕಾಯ್ದೆಗೆ 136ಎ ಎಂಬ ಹೊಸ ಕಲಮು ಸೇರಿತು. ಹೆದ್ದಾರಿಗಳಲ್ಲಿ, ದೊಡ್ಡ ಊರುಗಳಲ್ಲಿ ಎಲೆಕ್ಟ್ರಾನಿಕ್ ಕಣ್ಗಾವಲು ಇರಬೇಕು ಅಂತ ಅದು ಹೇಳುತ್ತದೆ. ಅದನ್ನು ಜಾರಿಗೆ ತರಲು 2021ರ ಆಗಸ್ಟ್‌ನಲ್ಲಿ ಕೇಂದ್ರ ನಿಯಮಗಳಿಗೆ 167ಎ ಸೇರಿತು. 2024ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಿಗೆ ಇದನ್ನು ಜಾರಿ ಮಾಡಿ ವರದಿ ಕೊಡಿ ಅಂತ ಹೇಳಿತು. 167ಎ ಓದಿದರೆ ಖುಷಿಯಾಗುತ್ತದೆ. ಉಪಕರಣ ಸರಿಯಾಗಿ ಅಳೆಯುತ್ತಿದೆ ಅಂತ ರಾಜ್ಯ ಸರ್ಕಾರ ಗೊತ್ತುಮಾಡಿದ ಪ್ರಾಧಿಕಾರದ ಸರ್ಟಿಫಿಕೇಟ್ ಇರಬೇಕು, ಅದನ್ನು ವರ್ಷ ವರ್ಷ ನವೀಕರಿಸಬೇಕು. ಕ್ಯಾಮೆರಾ ಇರುವ ಜಾಗಕ್ಕೆ ಮುಂಚೆಯೇ ಕಣ್ಣಿಗೆ ಕಾಣುವಂತೆ ಎಚ್ಚರಿಕೆಯ ಬೋರ್ಡು ಇರಬೇಕು. ಹದಿನೈದು ದಿನದೊಳಗೆ ನೋಟಿಸು ಬರಬೇಕು. ನೋಟಿಸಿನ ಜೊತೆ ಸ್ಪಷ್ಟವಾದ ಫೋಟೋ, ಉಪಕರಣ ಅಳೆದ ಅಂಕಿ, ದಿನಾಂಕ, ಸಮಯ, ಜಾಗ, ಯಾವ ಕಲಮು ಮುರಿದಿದ್ದೀರಿ ಅನ್ನೋದು ಇರಬೇಕು. ಇಷ್ಟರ ಜೊತೆಗೆ ಸಾಕ್ಷ್ಯ ಕಾಯ್ದೆಯ 65ಬಿ ಪ್ರಕಾರ, ಈ ದಾಖಲೆ ಯಾವ ಯಂತ್ರದಿಂದ ಹೇಗೆ ತಯಾರಾಯಿತು ಅಂತ ಅಧಿಕಾರಿ ಸಹಿ ಮಾಡಿದ ಸರ್ಟಿಫಿಕೇಟೂ ಇರಬೇಕು. ಮೂಲ ಉಪಕರಣವನ್ನೇ ಕೋರ್ಟಿಗೆ ತರದಿದ್ದಾಗ ಈ ಸರ್ಟಿಫಿಕೇಟ್ ಕಡ್ಡಾಯ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಪ್ರಕರಣದಲ್ಲಿ ಖಡಾಖಂಡಿತವಾಗಿ ಹೇಳಿದೆ. 2024ರ ಜುಲೈ 1ರಿಂದ ಹಳೆಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದ ಮೇಲಂತೂ ಇದು ಇನ್ನೂ ಬಿಗಿಯಾಗಿದೆ. ದಾಖಲೆ ಕೊಟ್ಟವರು ಒಂದು ಭಾಗ ತುಂಬಬೇಕು, ತಜ್ಞರು ಇನ್ನೊಂದು ಭಾಗ ತುಂಬಬೇಕು, ಫೈಲಿನ ಹ್ಯಾಶ್ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟಿನ ಗುರುತು ಅಂದುಕೊಳ್ಳಿ. ಒಳಗೆ ಒಂದು ಚುಕ್ಕೆ ಬದಲಾದರೂ ಹೆಬ್ಬೆಟ್ಟು ಬೇರೆಯಾಗುತ್ತದೆ.

ಈಗ ನಿಮ್ಮ ಫೋನ್ ತೆಗೆದು, ಹಿಂದೆ ಬಂದಿರುವ ಚಲನ್ ಯಾವುದಾದರೂ ಇದ್ದರೆ ನೋಡಿ. ಏನಿದೆ ಅದರಲ್ಲಿ? ಒಂದು ಮೆಸೇಜು, ಒಂದು ಲಿಂಕು, ಒತ್ತಿದರೆ ಒಂದು ಫೋಟೋ, ಕೆಳಗೆ 'ಪೇ ನೌ'. ಆ ಕ್ಯಾಮೆರಾದ ಸರ್ಟಿಫಿಕೇಟ್ ಯಾವತ್ತಿನದು? ಕೊನೆಯ ಸಲ ಪರೀಕ್ಷೆ ಮಾಡಿದ್ದು ಯಾವಾಗ? ಮಾಡಿದವರು ಯಾರು? ಸ್ನೇಹಿತರದು, ನೆಂಟರದು ಸೇರಿಸಿ ನಾನು ನೋಡಿದ ಚಲನ್‌ಗಳಲ್ಲಿ ಒಂದರಲ್ಲೂ ಇದಕ್ಕೆ ಉತ್ತರ ಇರಲಿಲ್ಲ. ಹಣ ಕಟ್ಟುವ ಬಟನ್ ಮಾತ್ರ ಎಲ್ಲದರಲ್ಲೂ ಇತ್ತು.

ಅಳತೆಯ ವಿಷಯದಲ್ಲಿ ನಮ್ಮ ಕಡೆಯ ರೈತರಿಗೆ ಇರುವಷ್ಟು ತಿಳಿವಳಿಕೆ ನಮ್ಮ ಇಲಾಖೆಗಳಿಗೆ ಇಲ್ಲ. ಕಬ್ಬು ಬೆಳೆಯುವವರಿಗೆ ವೇಬ್ರಿಡ್ಜ್ ಅಂದರೆ ಏನು ಅಂತ ಗೊತ್ತು. ನಾನು ಚಿಕ್ಕವನಿದ್ದಾಗ ನಮ್ಮೂರಿನವರು ಗಾಡಿ ತುಂಬಿಸಿಕೊಂಡು ಸೀದಾ ಫ್ಯಾಕ್ಟರಿಗೆ ಹೋಗ್ತಿರಲಿಲ್ಲ. ಮೊದಲು ಹೊರಗಡೆ ಇನ್ನೊಂದು ವೇಬ್ರಿಡ್ಜ್‌ನಲ್ಲಿ ತೂಗಿಸಿ, ಚೀಟಿ ಜೇಬಿನಲ್ಲಿ ಇಟ್ಟುಕೊಂಡು ಆಮೇಲೆ ಹೋಗ್ತಿದ್ರು. ಒಂದೆರಡು ಕ್ವಿಂಟಾಲ್ ಆಚೆ ಈಚೆ ಆದರೆ ಅಲ್ಲೇ ಗಲಾಟೆ. ಯಾಕೆ? ತೂಗುವವನೇ ಕೊಳ್ಳುವವನೂ ಆದರೆ ಅವನ ತಕ್ಕಡಿಯನ್ನು ಕಣ್ಣುಮುಚ್ಚಿ ನಂಬಬಾರದು ಅನ್ನೋ ಸರಳ ಬುದ್ಧಿ. ಸಂತೆಯಲ್ಲಿ ಬೆಂಡೆಕಾಯಿ ಮಾರುವ ಅಜ್ಜಿಯ ತಕ್ಕಡಿ ಬಟ್ಟಿಗೂ ಸರ್ಕಾರದ ಮುದ್ರೆ ಇರಬೇಕು, ಇಲ್ಲದಿದ್ದರೆ ಇನ್‌ಸ್ಪೆಕ್ಟರ್ ಬಂದು ದಂಡ ಹಾಕ್ತಾನೆ. ಅಜ್ಜಿಯ ಅರ್ಧ ಕೆಜಿ ಬಟ್ಟಿಗೆ ಇರುವ ಕಾನೂನು, ನಿಮ್ಮ ಮೇಲೆ ಅಪರಾಧ ಹೊರಿಸುವ ರೇಡಾರಿಗೆ ಇಷ್ಟು ವರ್ಷ ಸ್ಪಷ್ಟವಾಗಿ ಇರಲಿಲ್ಲ. ವಾಹನದ ವೇಗ ಅಳೆಯುವ ರೇಡಾರ್ ಉಪಕರಣಗಳನ್ನು ಪರಿಶೀಲಿಸಿ ಮುದ್ರೆ ಹಾಕಿದ ಮೇಲೆಯೇ ಬಳಸಬೇಕು ಅನ್ನೋ ನಿಯಮವನ್ನು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಕಾನೂನು ಮಾಪನಶಾಸ್ತ್ರದ ನಿಯಮಗಳಿಗೆ ಸೇರಿಸಿತು. ಜಾರಿಗೆ ಬಂದದ್ದು 2025ರ ಜುಲೈ 1ರಿಂದ. ಒಳ್ಳೆಯದಾಯಿತು. ಆದರೆ ಅದಕ್ಕೂ ಮೊದಲು ಹಾಕಿದ ಚಲನ್‌ಗಳನ್ನೆಲ್ಲ ಯಾವ ಮುದ್ರೆಯ ಮೇಲೆ ಹಾಕಿದ್ರಿ ಸ್ವಾಮಿ? ಅದನ್ನು ಕೇಳುವ ಮೊದಲೇ ಅರ್ಧ ರೇಟಿಗೆ ತೀರಿಸಿಕೊಂಡು ಹೋಗಿ ಅಂದಿರಲ್ಲ?

ಯಂತ್ರ ತಪ್ಪು ಮಾಡಲ್ಲ ಅನ್ನೋರಿಗೆ ಸ್ವಲ್ಪ ಲೆಕ್ಕ ಹೇಳ್ತೀನಿ. ರೇಡಾರ್ ರಸ್ತೆಗೆ ನೇರವಾಗಿ ನೋಡಲ್ಲ, ಒಂದು ಕೋನದಲ್ಲಿ ನೋಡುತ್ತದೆ. ಆ ಕೋನ ಇಷ್ಟು ಅಂತ ತಂತ್ರಾಂಶಕ್ಕೆ ಹೇಳಿರ್ತಾರೆ, ಅದರ ಮೇಲೆ ವೇಗವನ್ನು ತಿದ್ದಿ ಲೆಕ್ಕ ಹಾಕುತ್ತದೆ. 20 ಡಿಗ್ರಿ ಅಂತ ಹೇಳಿರುವ ಕ್ಯಾಮೆರಾ ಗಾಳಿಗೋ, ರಿಪೇರಿಯವನ ಕೈ ತಗುಲಿಯೋ 15 ಡಿಗ್ರಿಗೆ ತಿರುಗಿತು ಅಂತಿಟ್ಟುಕೊಳ್ಳಿ. ಆಗ ನೂರರಲ್ಲಿ ಹೋಗುವ ಕಾರು ಸುಮಾರು 103 ಅಂತ ಕಾಣುತ್ತದೆ. ಎರಡು ಕಂಬದ ನಡುವೆ ತೆಗೆದುಕೊಂಡ ಸಮಯದಿಂದ ಸರಾಸರಿ ವೇಗ ಕಂಡುಹಿಡಿಯೋ ಪದ್ಧತಿ ಇನ್ನೊಂದಿದೆ. ಕಂಬಗಳ ನಡುವೆ ಒಂದು ಕಿಲೋಮೀಟರ್ ಇದ್ದರೆ, ನೂರರ ವೇಗಕ್ಕೆ 36 ಸೆಕೆಂಡ್ ಬೇಕು. ಎರಡು ಗಡಿಯಾರಗಳ ನಡುವೆ ಎರಡೇ ಸೆಕೆಂಡ್ ವ್ಯತ್ಯಾಸ ಬಂದು 34 ಅಂತ ಆದರೆ, ವೇಗ 106. ಸರ್ವರುಗಳ ಗಡಿಯಾರ ಒಂದಕ್ಕೊಂದು ಹೊಂದದೆ ರಾತ್ರಿಯಿಡೀ ತಲೆ ಕೆಡಿಸಿಕೊಂಡ ಯಾವ ಎಂಜಿನಿಯರನ್ನಾದರೂ ಕೇಳಿ, ಎರಡು ಸೆಕೆಂಡ್ ಅನ್ನೋದು ದೊಡ್ಡ ಮಾತಲ್ಲ.

ಇನ್ನು ನಂಬರ್ ಪ್ಲೇಟ್ ಓದೋದು. 8 ಮತ್ತು ಬಿ, ಸೊನ್ನೆ ಮತ್ತು ಡಿ, ಕೆಸರು ಮೆತ್ತಿದ 3, ಅರ್ಧ ಕಿತ್ತುಹೋದ 6. ತಂತ್ರಾಂಶ ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿಯಾಗಿ ಓದುತ್ತೆ ಅಂತಲೇ ಒಪ್ಪಿಕೊಳ್ಳೋಣ, ನಮ್ಮ ಆಫೀಸಿನಲ್ಲಿ ಅಂಥದ್ದನ್ನು ಮಾಡಿದರೆ ಕೇಕ್ ಕತ್ತರಿಸ್ತಾರೆ. ದಿನಕ್ಕೆ ಹತ್ತು ಸಾವಿರ ಚಲನ್ ಹಾಕುವ ವ್ಯವಸ್ಥೆಯಲ್ಲಿ ಉಳಿದ ಆ ಒಂದು ಪರ್ಸೆಂಟ್ ಅಂದರೆ ದಿನಕ್ಕೆ ನೂರು ಜನ, ವರ್ಷಕ್ಕೆ 36,500 ಜನ ತಪ್ಪೇ ಮಾಡದವರು. ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಲ್ಲಿ 50 ಜಂಕ್ಷನ್‌ಗಳಲ್ಲಿ ನಂಬರ್ ಓದುವ 250 ಕ್ಯಾಮೆರಾ, ಸಿಗ್ನಲ್ ಜಿಗಿತ ಹಿಡಿಯುವ 80 ಕ್ಯಾಮೆರಾ ಉದ್ಘಾಟನೆ ಆದವು. ಆ ವ್ಯವಸ್ಥೆ ಇನ್ನೂ ಬೆಳೆಯುತ್ತದೆ, ಬೆಳೆಯಲಿ. ಅದು ಎಷ್ಟು ಸಲ ತಪ್ಪುತ್ತದೆ ಅನ್ನೋ ಅಂಕಿಯನ್ನೂ, ಎಷ್ಟು ಚಲನ್ ಹಾಕಿದ್ವಿ ಅನ್ನೋ ಅಂಕಿಯ ಪಕ್ಕದಲ್ಲೇ ಪ್ರಕಟಿಸಲಿ.

ಇದು ಬರೀ ನನ್ನ ಕಲ್ಪನೆ ಅನ್ನಬೇಡಿ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 2003ರಲ್ಲಿ ವೆಸ್ಟರ್ನ್ ರಿಂಗ್ ರೋಡಿನ ಕ್ಯಾಮೆರಾ ಒಂದು ಹಳೆಯ ಡಾಟ್ಸನ್ 120ವೈ ಕಾರನ್ನು ಗಂಟೆಗೆ 158 ಕಿಲೋಮೀಟರ್ ವೇಗದಲ್ಲಿ ಹಿಡಿಯಿತು. ಗಾಡಿಯವರು ಬಿಡಲಿಲ್ಲ. ಕಾರನ್ನು ಪರೀಕ್ಷೆ ಮಾಡಿಸಿದರೆ ಅದು ಎಷ್ಟು ಒತ್ತಿದರೂ 117 ದಾಟಲಿಲ್ಲ! ಕ್ಯಾಮೆರಾಗಳನ್ನು ನಿಲ್ಲಿಸಿ, ಸಾವಿರಾರು ಜನರ ದಂಡ ವಾಪಸ್ ಕೊಡಬೇಕಾಯಿತು. ಅಲ್ಲಿಗೇ ಮುಗಿಯಲಿಲ್ಲ. 2011ರಲ್ಲಿ ವಿಕ್ಟೋರಿಯಾ ರಾಜ್ಯ ಇದಕ್ಕೆಂದೇ ಒಂದು ಕಾನೂನು ಮಾಡಿ, ಪೊಲೀಸರಿಗೂ ಕಂಪನಿಗೂ ಸಂಬಂಧ ಇಲ್ಲದ ರಸ್ತೆ ಸುರಕ್ಷತಾ ಕ್ಯಾಮೆರಾ ಆಯುಕ್ತರ ಹುದ್ದೆ ಸೃಷ್ಟಿಸಿತು. ಕ್ಯಾಮೆರಾ ಸರಿ ಇದೆಯಾ ಅಂತ ನೋಡೋದು, ಜನರ ದೂರು ಕೇಳೋದು ಅವರ ಕೆಲಸ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 2012ರಲ್ಲಿ ಕೆಂಪು ದೀಪಕ್ಕೆ ನಿಂತಿದ್ದ ಕಾರಿಗೆ 38 ಮೈಲಿ ವೇಗದ ಟಿಕೆಟ್ ಬಂತು. ಪತ್ರಿಕೆಯೊಂದು ಬೆನ್ನು ಹತ್ತಿತು, ಮುಂದಿನ ವರ್ಷ ನಗರ ಆ ಕ್ಯಾಮೆರಾಗಳನ್ನೇ ಆರಿಸಿತು.

ನನ್ನ ವೃತ್ತಿಗೆ ಹತ್ತಿರವಾದ ಕಥೆ ಜರ್ಮನಿಯದು. ಅಲ್ಲಿನ ಸಾರ್‌ಲ್ಯಾಂಡ್ ರಾಜ್ಯದ ಸಾಂವಿಧಾನಿಕ ನ್ಯಾಯಾಲಯ 2019ರ ಜುಲೈನಲ್ಲಿ ಒಂದು ತೀರ್ಪು ಕೊಟ್ಟಿತು. ಆ ಕ್ಯಾಮೆರಾ ಅಂತಿಮ ವೇಗವನ್ನಷ್ಟೇ ಉಳಿಸಿಕೊಂಡು, ಲೆಕ್ಕ ಹಾಕಲು ಬಳಸಿದ ಮೂಲ ದತ್ತಾಂಶವನ್ನು ಅಳಿಸಿಬಿಡುತ್ತಿತ್ತು. ಆರೋಪಿಗೆ ಅಳತೆಯನ್ನು ಮರುಪರೀಕ್ಷೆ ಮಾಡಿಸುವ ದಾರಿಯೇ ಇಲ್ಲದಿದ್ದರೆ ನ್ಯಾಯಯುತ ವಿಚಾರಣೆ ಎಲ್ಲಿ ಅಂತ ಕೇಳಿ, ಆ ಅಳತೆಯನ್ನು ಬಳಸುವಂತಿಲ್ಲ ಅಂದಿತು. ಜರ್ಮನಿಯ ಬೇರೆ ಕೋರ್ಟುಗಳು ಅಷ್ಟು ದೂರ ಹೋಗಲಿಲ್ಲ, ನಿಜ. ಆದರೆ ಅಧಿಕಾರಿಗಳ ಬಳಿ ಇರುವ ಅಳತೆಯ ಮಾಹಿತಿಯನ್ನು ಕೇಳಿ ಪಡೆಯುವ ಹಕ್ಕು ಆರೋಪಿಗೆ ಇದೆ ಅಂತ 2020ರಲ್ಲಿ ಆ ದೇಶದ ಅತ್ಯುನ್ನತ ಸಾಂವಿಧಾನಿಕ ನ್ಯಾಯಾಲಯವೂ ಹೇಳಿತು. ಬ್ರಿಟನ್ನಿನ ಹಳೆಯ ಕ್ಯಾಮೆರಾಗಳ ಉಪಾಯ ಇನ್ನೂ ಸುಲಭ. ರಸ್ತೆ ಮೇಲೆ ಅಳತೆ ಮಾಡಿ ಬಿಳಿ ಗೆರೆ ಎಳೆದಿರ್ತಾರೆ, ಕ್ಯಾಮೆರಾ ಅರ್ಧ ಸೆಕೆಂಡ್ ಅಂತರದಲ್ಲಿ ಎರಡು ಫೋಟೋ ತೆಗೆಯುತ್ತೆ. ಗಂಟೆಗೆ ನೂರು ಕಿಲೋಮೀಟರ್ ಅಂದರೆ ಅರ್ಧ ಸೆಕೆಂಡಿನಲ್ಲಿ ಹೆಚ್ಚುಕಮ್ಮಿ 14 ಮೀಟರ್. ರೇಡಾರ್ ಏನೇ ಹೇಳಲಿ, ಗೆರೆ ಎಣಿಸಿ ಏಳನೇ ಕ್ಲಾಸಿನ ಹುಡುಗನೂ ಪರೀಕ್ಷೆ ಮಾಡಬಹುದು. ಅದು ಹೊರಗಿನ ವೇಬ್ರಿಡ್ಜಿನ ಚೀಟಿ ಇದ್ದ ಹಾಗೆ. ನಮ್ಮ ಚಲನ್‌ನಲ್ಲಿ ಬರುವ ಒಂದೇ ಫೋಟೋದಲ್ಲಿ ನಿಂತ ಕಾರಿಗೂ ಓಡುವ ಕಾರಿಗೂ ವ್ಯತ್ಯಾಸ ಕಾಣಲ್ಲ.

ಹಾಗಾದರೆ ಇಷ್ಟು ತೂತು ಇರುವ ವ್ಯವಸ್ಥೆ ಕೋರ್ಟಿನಲ್ಲಿ ಯಾಕೆ ಬಿದ್ದುಹೋಗಿಲ್ಲ? ಯಾಕಂದ್ರೆ ಅದು ಕೋರ್ಟಿಗೆ ಹೋಗೋದೇ ಅಪರೂಪ. ನೀವು ಫೋನ್‌ನಲ್ಲಿ ಕಟ್ಟುವುದು ಕಾನೂನಿನ ಭಾಷೆಯಲ್ಲಿ ದಂಡವೂ ಅಲ್ಲ. ಅದು ಕಾಯ್ದೆಯ 200ನೇ ಕಲಮಿನ ಪ್ರಕಾರ ರಾಜಿ. ಕೇಸು ಬೇಡ, ಇಷ್ಟು ಕೊಡ್ತೀನಿ, ಬಿಟ್ಟುಬಿಡಿ ಅಂತ ಸರ್ಕಾರದ ಜೊತೆ ಮಾಡಿಕೊಳ್ಳುವ ಒಪ್ಪಂದ. ಕಾರಿನ ಅತಿವೇಗಕ್ಕೆ ಸಾವಿರ ರೂಪಾಯಿ, ರಿಯಾಯಿತಿಯಲ್ಲಿ ಐನೂರು. ಐನೂರಕ್ಕಾಗಿ ಒಂದು ದಿನ ರಜೆ ಹಾಕಿ, ವಕೀಲರನ್ನು ಹಿಡಿದು, ಕೋರ್ಟಿನ ಜಗಲಿಯಲ್ಲಿ ಕೂರೋರು ಯಾರು? ಹಾಗಾಗಿ ತಪ್ಪು ಮಾಡಿದವನೂ ಕಟ್ತಾನೆ, ಮಾಡದವನೂ ಕಟ್ತಾನೆ. ಸರ್ಟಿಫಿಕೇಟ್ ಎಲ್ಲಿ ಅಂತ ಕೇಳಬೇಕಾದ ಮ್ಯಾಜಿಸ್ಟ್ರೇಟರ ಮೇಜಿಗೆ ಕಾಗದ ಹೋಗೋದೇ ಇಲ್ಲ. ಚಲನ್ ಅಂದರೆ ಒಂದು ಆರೋಪ. ಅದನ್ನು ಬೆಸ್ಕಾಂ ಬಿಲ್ಲಿನ ಹಾಗೆ ಮಾಡಿ, ಬಿಲ್ಲಿಗೆ ಡಿಸ್ಕೌಂಟ್ ಕೊಟ್ಟು, ಡಿಸ್ಕೌಂಟ್ ಮುಗಿಯೋದರೊಳಗೆ ಕಟ್ಟಿ ಅಂತ ಗಡುವು ಹಾಕಿದರೆ, ವಿಚಾರಣೆ ಅನ್ನೋ ಮಾತೇ ಜನರ ತಲೆಯಿಂದ ಅಳಿಸಿಹೋಗುತ್ತದೆ.

ನಮ್ಮ ಚಿಕ್ಕಪ್ಪನ ಮಗನ ಹತ್ತಿರ ಒಂದು ಗೂಡ್ಸ್ ಗಾಡಿ ಇದೆ. ತೆಂಗಿನಕಾಯಿ, ಬೆಲ್ಲ, ಮದುವೆ ಸಾಮಾನು ಹೊಡೀತಾನೆ. ಅವನಿಗೆ ಒಂದು ದಿನ ಅತಿವೇಗದ ಚಲನ್ ಬಂತು. ಯಾವ ಊರು, ಯಾವ ಠಾಣೆ ಅಂತ ಹೆಸರು ಬೇಡ. 'ಅಣ್ಣ, ನಾನು ಆವತ್ತು ಆ ಊರಿಗೇ ಹೋಗಿಲ್ಲ, ಗಾಡಿ ಮನೆ ಮುಂದೆ ನಿಂತಿತ್ತು' ಅಂತ ನನಗೆ ಫೋನ್ ಮಾಡಿದ. ಲಿಂಕ್ ತೆಗೆದು ನೋಡಿದೆ. ಫೋಟೋದಲ್ಲಿ ಇದ್ದದ್ದು ಬಿಳಿ ಕಾರು! ಕೊನೆಯ ಒಂದು ಅಂಕಿ 3, ಇವನದು 8. ಮೇಲ್ ಬರೆದೆ, ಆರ್‌ಸಿ ಕಳಿಸಿದೆ, ಗಾಡಿಯ ನಾಲ್ಕು ಕಡೆಯ ಫೋಟೋ ಕಳಿಸಿದೆ. ಅಲ್ಲಿಂದ ಉತ್ತರ ಇಲ್ಲ. ಫೋನ್ ಮಾಡಿದರೆ 'ಖುದ್ದಾಗಿ ಬಂದು ಅರ್ಜಿ ಕೊಡಿ' ಅಂದರು. ಒಂದು ದಿನದ ಬಾಡಿಗೆ ಬಿಟ್ಟು ಹೋದ, ಸಾಹೇಬರು ಬಂದೋಬಸ್ತಿಗೆ ಹೋಗಿದ್ದರು. ಮೂರನೇ ತಿಂಗಳು ನಾನು ಮತ್ತೆ ಮೇಲ್ ಬರೆಯೋಣ ಅಂತ ಕೇಳಿದರೆ, 'ಕಟ್ಟಿಬಿಟ್ಟೆ ಬಿಡಣ್ಣ, ಎಫ್‌ಸಿ ಮಾಡಿಸಬೇಕಿತ್ತು' ಅಂದ. ಮಾಡದ ತಪ್ಪಿಗೆ ರಾಜಿ. ಸರ್ಕಾರದ ಲೆಕ್ಕದಲ್ಲಿ ಇದು ಯಶಸ್ವಿಯಾಗಿ ಇತ್ಯರ್ಥವಾದ ಪ್ರಕರಣ.

ಅವನದು ಕಾರಿಗೂ ಗೂಡ್ಸ್ ಗಾಡಿಗೂ ವ್ಯತ್ಯಾಸ ಕಾಣುವ ಪ್ರಕರಣ. ಕಾಣದೆ ಇರೋದು ಇನ್ನೆಷ್ಟೋ. ಚಲನ್ ಹೋಗೋದು ಓಡಿಸಿದವನಿಗೆ ಅಲ್ಲ, ಆರ್‌ಸಿಯಲ್ಲಿ ಹೆಸರು ಇರುವವನಿಗೆ. ಗಾಡಿ ಓಡಿಸಿದ್ದು ಯಾರು ಅಂತ ಪೊಲೀಸರು ಕೇಳಿದರೆ ಮಾಲೀಕ ಹೇಳಬೇಕು ಅಂತ 133ನೇ ಕಲಮು ಇದೆ, ಆದರೆ ಮೊಬೈಲಿನ ಲಿಂಕ್ ಆ ಪ್ರಶ್ನೆಯನ್ನೇ ಕೇಳುವುದಿಲ್ಲ, ನೇರ ದುಡ್ಡು ಕೇಳುತ್ತದೆ. ನಮ್ಮ ಹಳ್ಳಿ ಕಡೆ ಸೆಕೆಂಡ್ ಹ್ಯಾಂಡ್ ಬೈಕು ಮೂರು ಕೈ ಬದಲಾಗಿರುತ್ತೆ, ಹೆಸರು ಮಾತ್ರ ಮೊದಲನೆಯವನದೇ ಇರುತ್ತೆ. ನಂಬರ್ ಬದಲಾಯಿಸಿಕೊಂಡವರ ಹಳೇ ಸಿಮ್ಮಿಗೆ ಮೆಸೇಜು ಹೋಗುತ್ತೆ. ವರ್ಗಾವಣೆ ಮಾಡಿಸದೇ ಇರೋದು ಅವರ ತಪ್ಪು, ಒಪ್ಪಿದೆ. ಆದರೆ ಅದು ಬೇರೆ ತಪ್ಪು. ಅದಕ್ಕೆ ಅತಿವೇಗದ ಹಣೆಪಟ್ಟಿ ಅಂಟಿಸೋಕಾಗಲ್ಲ.

ಇನ್ನು ಸಂಸ್ಥೆಗಳ ವಿಷಯ. ಕ್ಯಾಮೆರಾ ಎಲ್ಲಿ ಹಾಕಬೇಕು ಅಂತ ತೀರ್ಮಾನ ಮಾಡೋರು ಪೊಲೀಸರು. ಫೋಟೋ ನೋಡಿ ಚಲನ್ ಒಪ್ಪೋರು ಪೊಲೀಸರು. ದುಡ್ಡು ಇಸ್ಕೊಳ್ಳೋರು ಪೊಲೀಸರು. ತಪ್ಪಾಗಿದೆ ಅಂತ ದೂರು ಕೊಡಬೇಕಾದ್ದೂ ಅವರಿಗೇ. ಒಬ್ಬರೇ ಅಷ್ಟೂ ಟೋಪಿ ಹಾಕಿಕೊಂಡರೆ, ಅವರು ಎಷ್ಟೇ ಪ್ರಾಮಾಣಿಕರಾದರೂ ನ್ಯಾಯ ಕಾಣಿಸಲ್ಲ. ಪಕ್ಕದ ಕೇರಳದಲ್ಲಿ 2023ರಲ್ಲಿ 726 ಕ್ಯಾಮೆರಾಗಳ ಯೋಜನೆ ಶುರುವಾದಾಗ ಗುತ್ತಿಗೆ ಯಾರಿಗೆ ಹೋಯಿತು, ಉಪಗುತ್ತಿಗೆ ಯಾರಿಗೆ ಅಂತ ದೊಡ್ಡ ರಂಪ ಆಗಿ, ವಿರೋಧ ಪಕ್ಷದವರು ಹೈಕೋರ್ಟ್ ಮೆಟ್ಟಿಲು ಹತ್ತಿದರು. ಬ್ರಿಟನ್ನಿನಲ್ಲಿ ಕೆಲವು ವರ್ಷ ದಂಡದ ದುಡ್ಡಿನಿಂದಲೇ ಕ್ಯಾಮೆರಾ ನಡೆಸುವ ಪದ್ಧತಿ ಇತ್ತು. ದುಡ್ಡಿಗಾಗಿಯೇ ಕ್ಯಾಮೆರಾ ಹಾಕ್ತಾರೆ ಅನ್ನೋ ಮಾತು ಹುಟ್ಟಿ, 2007ರಲ್ಲಿ ಅದನ್ನು ಕೈಬಿಟ್ಟರು. ಚಲನ್ ಹೆಚ್ಚಾದಷ್ಟೂ ಯಾರಿಗಾದರೂ ಲಾಭ ಇದ್ದರೆ, ವೇಗ ಕಡಿಮೆ ಆಗೋದು ಅವರಿಗೆ ನಷ್ಟ. ಒಳ್ಳೆಯ ಕ್ಯಾಮೆರಾ ಅಂದರೆ ವರ್ಷ ಕಳೆದ ಹಾಗೆ ಕಡಿಮೆ ದುಡ್ಡು ತರುವ ಕ್ಯಾಮೆರಾ.

ಈ ಕಣ್ಣಿಗೆ ಕಾಣುವ ಆರೋಪಿ ಒಬ್ಬನೇ, ಸ್ಟೇರಿಂಗ್ ಹಿಡಿದವನು. ಆದರೆ ಕಾಯ್ದೆಯಲ್ಲಿ ಬೇರೆ ಆರೋಪಿಗಳೂ ಇದ್ದಾರೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತೆಯ ಮಾನದಂಡ ಪಾಲಿಸದೆ ಜನ ಸತ್ತರೆ, ಅಂಗವಿಕಲರಾದರೆ ಗುತ್ತಿಗೆದಾರ, ಅಧಿಕಾರಿ, ಸಲಹೆಗಾರರಿಗೆ 198ಎ ಪ್ರಕಾರ ಒಂದು ಲಕ್ಷದವರೆಗೆ ದಂಡ. ಮೈಸೂರು ಹೆದ್ದಾರಿ ತೆರೆದಾಗ ರಸ್ತೆಯ ಎರಡು ಕಡೆಯ ಊರಿನವರು ದಾಟಲು ಸಾಕಷ್ಟು ದಾರಿ ಇರಲಿಲ್ಲ, ಬೇಲಿ ಹಾರಿ ಓಡ್ತಿದ್ರು. ಆ ಬೇಲಿಯ ಹತ್ತಿರ ಸತ್ತವನ ಕೇಸಿನಲ್ಲಿ ಎಫ್‌ಐಆರ್ ಬರೆಯುವಾಗ 'ಅತಿವೇಗ ಮತ್ತು ಅಜಾಗರೂಕತೆ' ಅನ್ನೋ ಮಾತು ಪೆನ್ನಿನಿಂದ ತಾನಾಗಿಯೇ ಇಳಿಯುತ್ತದೆ. ಶೇ 71 ಅನ್ನೋ ಅಂಕಿಯೂ ಇಂಥ ಪೊಲೀಸ್ ದಾಖಲೆಗಳಿಂದಲೇ ಬಂದದ್ದು. 183ನೇ ಕಲಮಿನಲ್ಲೇ ಮತ್ತೊಂದು ಮಾತಿದೆ. ವೇಗಮಿತಿ ಮುರಿಯದೆ ಪೂರೈಸಲಾಗದಂಥ ವೇಳಾಪಟ್ಟಿಯನ್ನೋ, ಸೂಚನೆಯನ್ನೋ ಕೊಟ್ಟವರ ಮೇಲೇ ಅದನ್ನು ಮೇಲ್ನೋಟದ ಸಾಕ್ಷಿಯಾಗಿ ತೆಗೆದುಕೊಳ್ಳಬಹುದು. ಹತ್ತು ನಿಮಿಷದಲ್ಲಿ ಮನೆಗೆ ಹಾಲು ತಲುಪಿಸು ಅಂತ ಹುಡುಗನನ್ನು ಓಡಿಸುವವರ ಮೇಲೆ ಆ ಸಾಲನ್ನು ಪ್ರಯೋಗಿಸಿ ನೋಡಿ. ಕ್ಯಾಮೆರಾ ಹಾಕೋದು ಸುಲಭ, ಇದು ಕಷ್ಟ. ಅದಕ್ಕೇ ಕ್ಯಾಮೆರಾ ಮಾತ್ರ ಹಾಕ್ತಾರೆ.

'ತಪ್ಪು ಮಾಡಿಲ್ಲ ಅಂದ್ರೆ ಭಯ ಯಾಕೆ?' ಅಂತ ಕೇಳ್ತಾರೆ. ನಮ್ಮ ಚಿಕ್ಕಪ್ಪನ ಮಗನೂ ತಪ್ಪು ಮಾಡಿರಲಿಲ್ಲ. 'ಇಷ್ಟೊಂದು ನಿಯಮ ಹಿಡಿದು ಕೂತರೆ ಅಪಘಾತ ತಡೆಯೋದು ಯಾವಾಗ?' ಅಂತ ಇನ್ನೊಂದು ಪ್ರಶ್ನೆ. ನಾನು ಹೊಸ ನಿಯಮ ಕೇಳ್ತಾನೇ ಇಲ್ಲ ಸ್ವಾಮಿ, ನೀವೇ ಬರೆದಿರೋದನ್ನ ಪಾಲಿಸಿ ಅಂತಿದ್ದೀನಿ. ವೇಗದ ಮಿತಿ ನಮಗೆ ಕಡ್ಡಾಯ, 167ಎ ನಿಮಗೆ ಐಚ್ಛಿಕ ಅಂದರೆ ಹೇಗೆ? ಕಾನೂನು ಜಾರಿ ಮಾಡುವವರೇ ಈ ಕಾಯ್ದೆಯಡಿ ಅಪರಾಧ ಮಾಡಿದರೆ ದುಪ್ಪಟ್ಟು ದಂಡ ಅಂತ ಅದೇ ಕಾಯ್ದೆಯ 210ಬಿ ಹೇಳುತ್ತದೆ, ಆ ಭಾವನೆಯನ್ನಾದರೂ ನೆನಪಿಟ್ಟುಕೊಳ್ಳಿ. ಇನ್ನೂ ಒಂದು ಅಪಾಯ ಇದೆ. ಯಾವತ್ತಾದರೂ ಒಬ್ಬ ಹಟಮಾರಿ ಹೈಕೋರ್ಟಿಗೆ ಹೋಗಿ, ಸರ್ಟಿಫಿಕೇಟ್ ಇಲ್ಲದ ಕ್ಯಾಮೆರಾಗಳ ಚಲನ್ ಎಲ್ಲ ರದ್ದು ಅಂತ ಆದೇಶ ತಂದರೆ, ಆವತ್ತು ನಿಜವಾಗಿ 150ರಲ್ಲಿ ಹೋದವನೂ ಬಚಾವ್ ಆಗ್ತಾನೆ. ಅವನನ್ನು ಉಳಿಸೋದು ನನ್ನಂಥವರ ತಕರಾರಲ್ಲ, ಇಲಾಖೆಯ ಸೋಮಾರಿತನ.

ಮಾಡಬೇಕಾದ್ದು ದೊಡ್ಡ ಕೆಲಸವೇನಲ್ಲ. ಪ್ರತಿ ಕ್ಯಾಮೆರಾಕ್ಕೂ ಒಂದು ಸಂಖ್ಯೆ ಕೊಡಿ. ಮುದ್ರೆ ಹಾಕಿದ ದಿನಾಂಕ, ಸರ್ಟಿಫಿಕೇಟು, ಅದು ಎಲ್ಲಿಯವರೆಗೆ ಊರ್ಜಿತ ಅನ್ನೋದನ್ನು ಜಾಲತಾಣದಲ್ಲಿ ಹಾಕಿ, ಚಲನ್‌ನಲ್ಲಿ ಆ ಸಂಖ್ಯೆ ಬರೀರಿ. ಒಂದರ ಬದಲು ಎರಡು ಫೋಟೋ ಕೊಡಿ, ಮೂಲ ದತ್ತಾಂಶವನ್ನು ಕೇಸು ಮುಗಿಯುವವರೆಗೆ ಅಳಿಸಬೇಡಿ. 'ಪೇ ನೌ' ಪಕ್ಕದಲ್ಲಿ ಅಷ್ಟೇ ದೊಡ್ಡ ಅಕ್ಷರದಲ್ಲಿ 'ನಾನು ಒಪ್ಪಲ್ಲ' ಅನ್ನೋ ಬಟನ್ ಇಡಿ, ಕನ್ನಡದಲ್ಲಿ. ಅದನ್ನು ಒತ್ತಿದರೆ ಫೈಲು ಪೊಲೀಸರ ಹತ್ತಿರ ಹೋಗದೆ ಬೇರೆಯವರ ಹತ್ತಿರ ಹೋಗಲಿ, ಮೂವತ್ತು ದಿನದಲ್ಲಿ ಉತ್ತರ ಬರಲಿ, ಅಲ್ಲಿಯವರೆಗೆ ಎಫ್‌ಸಿ, ಆರ್‌ಸಿ ಯಾವುದನ್ನೂ ತಡೆಯಬೇಡಿ. ಗುತ್ತಿಗೆ ಕಂಪನಿಗೆ ಚಲನ್ ಲೆಕ್ಕದಲ್ಲಿ ದುಡ್ಡು ಕೊಡಬೇಡಿ. ಎಷ್ಟು ಚಲನ್ ರದ್ದಾಯಿತು, ಯಾಕೆ ರದ್ದಾಯಿತು ಅಂತ ವರ್ಷಕ್ಕೊಂದು ಸಲ ಪ್ರಕಟಿಸಿ. ಈ ಬಟನ್ನು, ಈ ಜಾಲತಾಣದ ಪುಟ ಮಾಡಿಕೊಡೋಕೆ ನನ್ನಂಥ ನಾಲ್ಕು ಜನಕ್ಕೆ ಹೆಚ್ಚು ದಿನ ಬೇಕಾಗಲ್ಲ. ತಂತ್ರಜ್ಞಾನದ ಕೊರತೆ ಅನ್ನೋ ನೆಪ ಬೇಡ.

ಓದುಗರಿಗೂ ಒಂದು ಮಾತು. ಮುಂದಿನ ಸಲ ಚಲನ್ ಬಂದಾಗ ಫೋಟೋ ತೆಗೆದು ನೋಡಿ. ಗಾಡಿ ನಿಮ್ಮದೇನಾ, ಜಾಗ ಸರಿನಾ, ಹದಿನೈದು ದಿನದೊಳಗೆ ಬಂತಾ, ವೇಗ ಎಷ್ಟು ಅಂತ ಬರೆದಿದ್ದಾರಾ, ಸರ್ಟಿಫಿಕೇಟ್ ಎಲ್ಲಿ ಅಂತ ಬರವಣಿಗೆಯಲ್ಲಿ ಕೇಳಿ. ಐನೂರು ರೂಪಾಯಿ ದೊಡ್ಡದಲ್ಲ ಅಂತ ಬಿಡಬೇಡಿ, ಬಾಡಿಗೆ ಬಿಟ್ಟು ಬಂದು ಕೇಳಲಾಗದವರ ಪರವಾಗಿಯೂ ನೀವು ಕೇಳಿದ ಹಾಗಾಗುತ್ತೆ. ಮತ್ತೆ, ನಿಜವಾಗಿ ಜೋರಾಗಿ ಹೋಗಿದ್ದರೆ ಪೂರ್ತಿ ದುಡ್ಡು ಕಟ್ಟಿ. ಅರ್ಧ ಮಾಫಿಗೆ ಕಾಯಬೇಡಿ.